ಹಳೆಯ ಪದ್ಮಿನಿಗೆ ಯಾವ ಪೆಟ್ರೋಲ್ ಪೈಪು?

ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ನಾನು ಹಳೆಯ ಕಾರುಗಳನ್ನು, ಹೆಚ್ಚಾಗಿ ಪ್ರೀಮಿಯರ್ ಪದ್ಮಿನಿ ಮತ್ತು ಅಂಬಾಸಿಡರ್‌ಗಳನ್ನು, ಪೂರ್ತಿ ಬಿಚ್ಚಿ ಮತ್ತೆ ಓಡುವ ಸ್ಥಿತಿಗೆ ತರುವ ಕೆಲಸ ಮಾಡುತ್ತೇನೆ. ಮಾಲೀಕರು ಬಣ್ಣ, ಕ್ರೋಮ್, ಸೀಟಿನ ಬಟ್ಟೆಗಳ ಬಗ್ಗೆ ಬಹಳ ಹೊತ್ತು ಚರ್ಚಿಸುತ್ತಾರೆ. ಹಿಂದಿನ ಟಾಕಿಯಿಂದ ಮುಂದಿನ ಕಾರ್ಬುರೇಟರ್‌ವರೆಗೆ ಪೆಟ್ರೋಲ್ ಒಯ್ಯುವ ಪೈಪಿನ ಬಗ್ಗೆ ಕೇಳುವವರು ಕಡಿಮೆ. ಈ ಕಾರುಗಳಲ್ಲಿ ಪಂಪಿನ ಒತ್ತಡ ಸಾಮಾನ್ಯವಾಗಿ 5 ಪಿಎಸ್‌ಐ (ಚದರ ಇಂಚಿಗೆ 5 ಪೌಂಡ್) ಒಳಗೇ, ಅಂದರೆ ಕಡಿಮೆಯೇ, ಇರುವುದರಿಂದ ಯಾವ ಪೈಪಾದರೂ ತಡೆದೀತು ಎಂಬ ನಂಬಿಕೆ ನಮ್ಮ ಮೆಕ್ಯಾನಿಕ್‌ಗಳಲ್ಲಿಯೂ ಇದೆ. ಆದರೆ ಪೈಪನ್ನು ಕೆಡಿಸುವುದು ಒತ್ತಡವಲ್ಲ, ಅದರೊಳಗೆ ಹರಿಯುವ ದ್ರವ.

ಗದಗಿನಿಂದ ಬಂದ ಒಂದು ಪದ್ಮಿನಿಯಲ್ಲಿ ಪಂಪಿನಿಂದ ಕಾರ್ಬುರೇಟರ್‌ಗೆ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಹಾಕಿದ್ದರು. "ಪೆಟ್ರೋಲ್ ಬರೂದು ಕಣ್ಣಿಗೆ ಕಾಣತೈತ್ರಿ, ಅದಕ್ಕ ಹಾಕಿಸೇನ್ರಿ" ಎಂದು ಮಾಲೀಕರು ಹೇಳಿದರು. ಅವರ ಕಾರಣ ಸಹಜವಾದದ್ದೇ, ಆದರೆ ಆ ಪೈಪಿನ ಪ್ಲಾಸ್ಟಿಕ್ಕನ್ನು, ಅಂದರೆ ಪಿವಿಸಿಯನ್ನು, ಮೆತ್ತಗಿಡುವ ರಾಸಾಯನಿಕವನ್ನು ಪೆಟ್ರೋಲ್ ಕ್ರಮೇಣ ಕರಗಿಸಿ ಒಯ್ಯುತ್ತದೆ. ಹಳದಿ ತಿರುಗಿದ ಆ ಪೈಪನ್ನು ಬಾಗಿಸಿದಾಗ ಅದು ಒಣಕಡ್ಡಿಯಂತೆ ಮುರಿಯಿತು. ಪೈಪು ಕುಗ್ಗಿ ಗಡುಸಾದಂತೆ ಕ್ಲಿಪ್ಪಿನ ಹಿಡಿತ ಸಡಿಲಾಗುತ್ತದೆ, ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಜಿನುಗುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಮುಚ್ಚಿದ ಗ್ಯಾರೇಜಿನಲ್ಲಿ ನೆಲದ ಮಟ್ಟದಲ್ಲಿಯೇ ಶೇಖರವಾಗುತ್ತದೆ. ಆಮೇಲೆ ಒಂದು ಕಿಡಿ ಸಾಕು.

ಈ ಕಾರುಗಳು ತಯಾರಾದ ಕಾಲದ ಪೆಟ್ರೋಲ್ ಇಂದಿನದಲ್ಲ. 2023ರಿಂದ ಹಂತಹಂತವಾಗಿ ಬಂಕುಗಳಿಗೆ ಬಂದ ಇ20ಯಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ. ಕಬ್ಬಿನಿಂದಲೂ, ನಮ್ಮ ಹಾವೇರಿಯ ಕಡೆ ಹೇರಳವಾಗಿ ಬೆಳೆಯುವ ಗೋವಿನಜೋಳದಿಂದಲೂ ಎಥನಾಲ್ ತಯಾರಾಗುತ್ತದೆ. ರೈತರಿಗೆ ಅದರಿಂದ ಮಾರುಕಟ್ಟೆ ಸಿಗುವುದು ನನಗೂ ಸಂತೋಷವೇ. ಆದರೆ ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಒಳಗಿನಿಂದ ಕಳಚಿದ ರಬ್ಬರಿನ ಚೂರುಗಳು ಕಾರ್ಬುರೇಟರ್‌ನ ಜೆಟ್‌ನಲ್ಲಿ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರದಲ್ಲಿ, ಸಿಕ್ಕಿಕೊಂಡಾಗ ಜನರು ಜೆಟ್ ತೊಳೆಸುತ್ತಾರೆಯೇ ಹೊರತು ಪೈಪನ್ನು ಸಂಶಯಿಸುವುದಿಲ್ಲ.

ಆದ್ದರಿಂದ ನಾನು ಎಸ್‌ಎಇ ಜೆ30 ಆರ್9 ಎಂಬ ಇಂಧನ ಹೋಸಿನ ಗುಣಮಟ್ಟದ ಗುರುತು ಮೈಮೇಲೆ ಅಚ್ಚಾಗಿರುವ ರಬ್ಬರ್ ಹೋಸನ್ನೇ ಬಳಸುತ್ತೇನೆ. ಅದು ಇಂಜೆಕ್ಷನ್ ಎಂಜಿನ್ನಿನ ಹೆಚ್ಚಿನ ಒತ್ತಡಕ್ಕಾಗಿ ರೂಪಿಸಿದ್ದು, ಪದ್ಮಿನಿಗೆ ಅಷ್ಟು ಬಲ ಬೇಕಾಗಿಲ್ಲ ಎಂಬುದು ನಿಜ. ನನಗೆ ಬೇಕಾಗಿರುವುದು ಎಥನಾಲ್ ಅನ್ನು ತಾಳಿಕೊಳ್ಳುವ ಅದರ ಒಳಪದರದ ಫ್ಲೋರೋ ರಬ್ಬರ್. ಬೇರೆ ಹೋಸುಗಳು ಏಕೆ ಬೇಡವೆಂದರೆ, ರೇಡಿಯೇಟರ್ ಹೋಸನ್ನು ಪೆಟ್ರೋಲ್ ಉಬ್ಬಿಸುತ್ತದೆ. ಬಿಸಿ ತಡೆಯುತ್ತದೆಂದು ಕೆಲವರು ಮೆಚ್ಚುವ ಸಿಲಿಕೋನ್ ಹೋಸಿನ ಗೋಡೆಯ ಮೂಲಕವೇ ಪೆಟ್ರೋಲಿನ ಆವಿ ಹೊರಬರುತ್ತದೆ. ಸ್ಟೀಲ್ ಜಾಲರಿ ಹೊದಿಸಿದ ಹೋಸ್ ನೋಡಲು ಚೆಂದ, ಆದರೆ ಒಳಗಿನ ರಬ್ಬರ್ ಬಿರಿದರೂ ಹೊರಗೆ ತಿಳಿಯದು.

ರಬ್ಬರ್ ಇರಬೇಕಾದದ್ದು ಎಂಜಿನ್ ಅದುರುವ ಜಾಗದಲ್ಲಿ ಮತ್ತು ಟಾಕಿಯಿಂದ ಪೈಪು ಹೊರಡುವಲ್ಲಿ ಮಾತ್ರ. ಉಳಿದ ಉದ್ದಕ್ಕೂ ಲೋಹದ ಪೈಪೇ ಸರಿ, ಅದೂ ಸೈಲೆನ್ಸರ್‌ನಿಂದ ದೂರ, ಚಾಸಿಗೆ ಬಿಗಿಯಾಗಿ ಹಿಡಿಸಿರಬೇಕು. ಗದಗಿನ ಮಾಲೀಕರು ತಾಮ್ರದ ಪೈಪನ್ನು ಬಯಸಿದ್ದರು. ತಾಮ್ರ ಸುಲಭವಾಗಿ ಬಾಗುತ್ತದೆ ನಿಜ, ಆದರೆ ಅದುರುತ್ತ ಅದುರುತ್ತ ಗಡುಸಾಗಿ, ಜೋಡಣೆಗಾಗಿ ತುದಿಯನ್ನು ಅಗಲಿಸಿದ ಫ್ಲೇರ್‌ನ ಬುಡದಲ್ಲಿ ಬಿರಿಯುತ್ತದೆ. ಜೊತೆಗೆ ಪೆಟ್ರೋಲಿನಲ್ಲಿ ಅಂಟು ಕಟ್ಟುವುದನ್ನೂ ಚುರುಕುಗೊಳಿಸುತ್ತದೆ. ತಾಮ್ರಕ್ಕೆ ಸುಮಾರು ಶೇಕಡಾ 10 ನಿಕ್ಕಲ್ ಬೆರೆಸಿದ, ಬ್ರೇಕ್ ಪೈಪಿಗೂ ಬಳಸುವ ಮಿಶ್ರಲೋಹದ ತುಂಡನ್ನು ಅವರ ಕೈಗೆ ಕೊಟ್ಟು ವ್ಯತ್ಯಾಸವನ್ನು ವಿವರಿಸಿದ ಮೇಲೆ ಅದಕ್ಕೆ ಒಪ್ಪಿದರು. ಖರ್ಚು ಹೆಚ್ಚೆಂದು ಅವರು ಹಿಂಜರಿದಿದ್ದರೆ ಸತುವಿನ ಲೇಪನವಿರುವ ಸಾಧಾರಣ ಸ್ಟೀಲ್ ಪೈಪನ್ನೇ ಹಾಕುತ್ತಿದ್ದೆ.

ಹೋಸ್ ಕೂರುವ ಲೋಹದ ತುದಿಗೆ ಸಣ್ಣ ಉಬ್ಬು ಇರಲೇಬೇಕು. ನುಣುಪಾದ ತುದಿಯಿಂದ ಹೋಸ್ ಜಾರಿ ಬರುತ್ತದೆ. ತೂತುಗಳಿರುವ ಅಗ್ಗದ ಕ್ಲಿಪ್ಪು ರಬ್ಬರನ್ನು ಕೊಯ್ಯುವುದರಿಂದ ಒಳಮೈ ನುಣುಪಾದ ಕ್ಲಿಪ್ಪನ್ನೇ ಹಾಕುತ್ತೇನೆ. ಎಂಜಿನ್ ಚೆನ್ನಾಗಿ ಕಾದು ತಣಿದ ನಂತರ ಪ್ರತಿಯೊಂದು ಜೋಡಣೆಯನ್ನು ಒಣ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಮೂಸಿ ನೋಡುತ್ತೇನೆ. ವಾಸನೆ ಬಂದರೆ ಕಾರು ಗ್ಯಾರೇಜಿನಿಂದ ಹೊರಡುವುದಿಲ್ಲ.