ಮಲ್ಪೆ ಬೋಟಿನ ಅಕ್ಷರ: ಫಾಂಟ್ ಕೆಲಸ ಎಲ್ಲಿಗೆ ಬಂತು

ಮಲ್ಪೆಯ ಬೋಟುಗಳ ಮೇಲೆ ಪೇಂಟರುಗಳು ಬರೆಯುವ ಅಕ್ಷರ ನೋಡಿ ನಾನು ಮಾಡುತ್ತಿರುವ ಕನ್ನಡ ಫಾಂಟಿಗೆ ಕೊನೆಗೂ ಹೆಸರಿಟ್ಟೆ. ‘ದಕ್ಕೆ’. ಬೋಟು ಬಂದು ನಿಲ್ಲುವ ಜಾಗ. ಹೆಸರಿನಲ್ಲೇ ಒಂದು ಒತ್ತಕ್ಷರ ಇದೆ, ಅದೂ ಒಂದು ಖುಷಿ.

ಶುರುವಾಗಿದ್ದು ಎರಡು ಮಳೆಗಾಲದ ಹಿಂದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಲ್ಪೆ ಬಂದರಿನಲ್ಲಿ ಬಲೆ ರಿಪೇರಿ, ಎಂಜಿನ್ ಕೆಲಸ, ಬಣ್ಣ ಎಲ್ಲ ನಡೆಯುವುದು ಆಗಲೇ. ಮಳೆ ಬಿಟ್ಟಾಗಲೆಲ್ಲ ಉಡುಪಿಯಿಂದ ಹೋಗಿ ಬೋಟಿನ ಹೆಸರುಗಳ ಫೋಟೊ ತೆಗೆದೆ.

ಮೊದಲ ಎಂಟು ತಿಂಗಳು ತಪ್ಪು ದಾರಿ ಹಿಡಿದಿದ್ದೆ. ಅ ಇಂದ ಳ ವರೆಗೆ ಚೆಂದವಾಗಿ ಬಿಡಿಸಿ, ಅವನ್ನೇ ಸಣ್ಣದು ಮಾಡಿ ಒತ್ತು ಮಾಡಿದ್ದೆ. ಗೆರೆ ತೆಳುವಾಗಿ ಒತ್ತುಗಳು ಸೊರಗಿ ಹೋಗಿದ್ದವು. ‘ಲಕ್ಷ್ಮಿ’ ಬರೆದು ನೋಡಿ, ಕ ಕೆಳಗೆ ಷ, ಆಮೇಲೆ ಮ. ಪುಸ್ತಕದಲ್ಲಾದರೆ ಸಾಲುಗಳ ನಡುವೆ ಜಾಸ್ತಿ ಜಾಗ ಬಿಟ್ಟರೆ ಆಯ್ತು. ಬೋಟಿನ ಹಲಗೆ ಮೇಲೆ ಆ ಜಾಗ ಎಲ್ಲಿಂದ ಬರಬೇಕು?

ಒಬ್ಬ ಹಿರಿಯ ಪೇಂಟರನ್ನು ಕೇಳಿದೆ. ‘ನಾನು ಮೊದಲು ಒತ್ತಿಗೆ ಜಾಗ ಇಡುತ್ತೇನೆ, ಉಳಿದದ್ದರಲ್ಲಿ ಅಕ್ಷರ ಕೂರಿಸುತ್ತೇನೆ’ ಎಂದರು. ಅವರ ಬ್ರಷ್ ಒಂದೇ. ಒತ್ತು ಚಿಕ್ಕದಾದರೂ ಗೆರೆಯ ದಪ್ಪ ಇಳಿಯುವುದಿಲ್ಲ. ಮೇಲಿನ ಅಕ್ಷರವೇ ಸ್ವಲ್ಪ ಗಿಡ್ಡವಾಗಿ ಜಾಗ ಬಿಡುತ್ತದೆ. ಆ ರಾತ್ರಿ ಹಳೆಯ ಫೈಲು ಪೂರ್ತಿ ಬದಿಗಿಟ್ಟೆ.

ಈಗ ಒತ್ತಿನಿಂದಲೇ ಶುರು. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಬೇರೆಯದೇ ರೂಪ ಇರುವುದರಿಂದ ಬೇಗ ಒಲಿದವು. ಣ, ಞ ತುಂಬಾ ಕಾಡಿದವು. ಸುರುಳಿ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಒತ್ತು ಹೊರುವಾಗ ಮಾತ್ರ ಬರುವ ಹಾಗೆ 34 ವ್ಯಂಜನಕ್ಕೂ ಒಂದೊಂದು ಗಿಡ್ಡ ರೂಪ ಬಿಡಿಸಿದ್ದೇನೆ. ಟೈಪ್ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಫಾಂಟಿನೊಳಗೇ ಬರೆದಿಡುವ ಓಪನ್‌ಟೈಪ್ ನಿಯಮ ತಾನಾಗಿ ಬದಲಿಸುತ್ತದೆ. ಫಾಂಟಿನಲ್ಲಿ ಅಕ್ಷರ ಅಳೆಯುವ 1000 ಯೂನಿಟ್ ಚೌಕಟ್ಟಿನಲ್ಲಿ 480 ಯೂನಿಟ್ ಕೆಳಗಿಳಿಯುತ್ತಿದ್ದ ಒತ್ತು ಈಗ 290ಕ್ಕೆ ನಿಂತಿದೆ. ಇಷ್ಟು ದಿನದ ಕೆಲಸದಲ್ಲಿ ನನಗೆ ತುಂಬಾ ಹೆಮ್ಮೆ ಇರುವುದು ಇದರ ಬಗ್ಗೆ.

ಅರ್ಕಾವತ್ತೂ ಸರಿಯಾಯಿತು. ‘ಸೂರ್ಯ’ ಮೊದಲೇ ಬರುತ್ತಿತ್ತು, ರ ಅರ್ಕಾವತ್ತಾಗದೆ ಪೂರ್ತಿಯಾಗಿ ನಿಲ್ಲಬೇಕಾದ ‘ರ‍್ಯಾಂಕ್’ ಒಡೆಯುತ್ತಿತ್ತು. ರ ಆದ ಮೇಲೆ ಬರುವ ಕಾಣದ ಜೋಡಕವನ್ನು (ಯುನಿಕೋಡಿನ ZWJ ಎಂಬ ಗುರುತು) ನನ್ನ ನಿಯಮ ನುಂಗುತ್ತಿತ್ತು.

ಮಂಗಳೂರಿನಲ್ಲಿ 1843ರಲ್ಲಿ ಜರ್ಮನ್ ಪಾದ್ರಿ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದಾಗ ಅದು ಕಲ್ಲಚ್ಚಿನಲ್ಲಿ, ಅಂದರೆ ಕೈಯಲ್ಲಿ ಬರೆದದ್ದನ್ನು ಕಲ್ಲಿನ ಮೇಲಿಂದ ಅಚ್ಚು ಮಾಡುವ ವಿಧಾನದಲ್ಲಿ ಬಂತು. ಹಾಗಾಗಿ ಕನ್ನಡದ ಮೊದಲ ಪತ್ರಿಕೆಯಲ್ಲಿ ಒತ್ತು ಎಲ್ಲಿ ಕೂರಬೇಕು ಅಂತ ನಿರ್ಧರಿಸಿದ್ದು ಕೈಬರಹವೇ, ಸೀಸದ ಅಚ್ಚಲ್ಲ. ಬೋಟಿನ ಹಲಗೆ ನೋಡುವಾಗಲೆಲ್ಲ ಇದು ನೆನಪಾಗುತ್ತದೆ.

ಬಳಕೆಯ ಸುದ್ದಿ. ಈ ವರ್ಷ ಎರಡು ಮದುವೆ ಕಾಗದ, ಒಂದು ಯಕ್ಷಗಾನ ಬಯಲಾಟದ ಕರಪತ್ರ ‘ದಕ್ಕೆ’ಯಲ್ಲಿ ಅಚ್ಚಾದವು. ಕರಪತ್ರದ ಮೊದಲ ಪ್ರತಿಯಲ್ಲಿ ಒತ್ತುಗಳೆಲ್ಲ ಚೆಲ್ಲಾಪಿಲ್ಲಿ. ಅಂಗಡಿಯವರ ಹಳೆಯ ಸಾಫ್ಟ್‌ವೇರಿಗೆ ಯುನಿಕೋಡ್ ಕನ್ನಡ ಕೂಡಿಸಲು ಬರುತ್ತಿರಲಿಲ್ಲ. ಅಕ್ಷರಗಳನ್ನು ಚಿತ್ರವಾಗಿ ಬದಲಿಸಿ ಕಳಿಸಿದ ಮೇಲೆ ಸರಿಯಾಯಿತು.

ದೊಡ್ಡ ದಿನ ಜುಲೈ ಕೊನೆಯಲ್ಲಿ ಬಂತು. ಒಂದು ಬೋಟಿನ ಕ್ಯಾಬಿನ್ ಮೇಲೆ ಹೆಸರು ಬರೆಯಲು ಅದೇ ಪೇಂಟರ್ ನನ್ನ ಪ್ರಿಂಟ್ ಇಟ್ಟುಕೊಂಡರು. ಎಲ್ಲ ಹಾಗೇ ಬರೆದು ‘ಶ್ರೀ’ಯ ರ ಒತ್ತನ್ನು ಮಾತ್ರ ಬದಲಿಸಿದರು, ಬಾಲವನ್ನು ಎಡಕ್ಕೆ ಇನ್ನೂ ಎಳೆದರು. ನೋಡಿದ ಕೂಡಲೇ ಗೊತ್ತಾಯಿತು, ಅದೇ ಸರಿ. ಮನೆಗೆ ಬಂದು ಫಾಂಟಿನಲ್ಲೂ ಹಾಗೇ ಎಳೆದೆ.

ಇನ್ನು ಅಂಕಿಗಳು ಬಾಕಿ. ಬೋಟಿನ ನೋಂದಣಿ ಸಂಖ್ಯೆ ಇಂಗ್ಲಿಷಿನಲ್ಲಿ ಇರುವುದರಿಂದ ಕನ್ನಡ ಅಂಕಿಗೆ ನನ್ನ ಫೋಟೊಗಳಲ್ಲಿ ಮಾದರಿ ಸಿಗಲಿಲ್ಲ. ಭಾನುವಾರ ೧ರಿಂದ ೯ರವರೆಗೆ ಬ್ರಷ್‌ನಲ್ಲಿ ಬರೆದು ತೋರಿಸುತ್ತೇನೆ ಅಂತ ಆ ಪೇಂಟರ್ ಅಂದಿದ್ದಾರೆ. ಹಲಗೆ ಚೂರು, ಎನಾಮೆಲ್ ಡಬ್ಬಿ ತೆಗೆದಿಟ್ಟಿದ್ದೇನೆ.