ಬಂದೂಕಿನ ಆಟಗಳು ಮತ್ತು ಮನೆಯೊಳಗಿನ ಸಿಟ್ಟು

ಮೊಬೈಲ್‌ನ ಬಂದೂಕಿನ ಆಟ ಪಬ್ಜಿ ಆಡುವುದನ್ನು ತಡೆದ ತಂದೆಯನ್ನು ಮಗನೇ ಕೊಂದನೆಂಬ ಸುದ್ದಿ 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಕಡೆಯಿಂದ ಬಂದ ಮೇಲೆ, ನಾನು ಪಾಠ ಹೇಳುವ ಪ್ರೌಢಶಾಲೆಯ ಪೋಷಕರ ಸಭೆಗಳಲ್ಲಿ ಒಂದು ಪ್ರಶ್ನೆ ಬಿಡದೆ ಕೇಳಿಬರುತ್ತಿದೆ: ಈ ಆಟಗಳು ನಮ್ಮ ಮಕ್ಕಳನ್ನೂ ಹಾಗೆ ಮಾಡಿಬಿಡುತ್ತವೆಯೇ? ಪ್ರಶ್ನೆಯ ಹಿಂದಿರುವ ಭಯ ನಿಜವಾದದ್ದು. ಹಾಗಾಗಿ ಉತ್ತರವನ್ನೂ ಎಚ್ಚರದಿಂದಲೇ ಹೇಳಬೇಕಾಗುತ್ತದೆ.

ಇದೇ ಭಯವನ್ನು ಅಮೆರಿಕ ಮೂವತ್ತು ವರ್ಷಗಳ ಹಿಂದೆಯೇ ಕಂಡಿತ್ತು. 1992ರಲ್ಲಿ ಬಂದ 'ಮಾರ್ಟಲ್ ಕಾಂಬ್ಯಾಟ್' ಆಟದ ರಕ್ತಪಾತ ಅಲ್ಲಿನ ಸೆನೆಟ್‌ನಲ್ಲಿ ವಿಚಾರಣೆಗೆ ಬಂದು, 1994ರಲ್ಲಿ ಆಟಗಳಿಗೆ ವಯಸ್ಸಿನ ಶ್ರೇಣಿ ನೀಡುವ ವ್ಯವಸ್ಥೆ ಹುಟ್ಟಿಕೊಂಡಿತು. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ಗುಂಡು ಹಾರಿಸಿದ ಇಬ್ಬರು ಹುಡುಗರು 'ಡೂಮ್' ಎಂಬ ಗುಂಡಿಕ್ಕುವ ಆಟ ಆಡುತ್ತಿದ್ದರೆಂದು ತಿಳಿದಾಗ ಇಡೀ ದೇಶದ ಬೆರಳು ಆಟಗಳ ಕಡೆಗೆ ತಿರುಗಿತು. ಆ ಬಳಿಕ ನಡೆದ ಸಂಶೋಧನೆಗಳ ರಾಶಿ ಮಾತ್ರ ಅಂಥ ಖಚಿತ ತೀರ್ಪು ಕೊಡಲಿಲ್ಲ. ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರಿಟನ್ನಿನ 14-15 ವಯಸ್ಸಿನ ಸುಮಾರು ಸಾವಿರ ಮಕ್ಕಳನ್ನು ಪರಿಶೀಲಿಸಿ, ಹಿಂಸೆಯ ಆಟಗಳನ್ನು ಆಡುವುದಕ್ಕೂ ಅವರ ಆಕ್ರಮಣಶೀಲ ನಡವಳಿಕೆಗೂ ಸಂಬಂಧ ಕಾಣಲಿಲ್ಲವೆಂದು 2019ರಲ್ಲಿ ವರದಿ ಮಾಡಿದರು. ಅಮೆರಿಕದ ಮನೋವೈಜ್ಞಾನಿಕ ಸಂಘವು 2020ರಲ್ಲಿ ತನ್ನ ಹಿಂದಿನ ನಿರ್ಣಯವನ್ನು ಪರಿಷ್ಕರಿಸುತ್ತ, ಹಿಂಸಾಕೃತ್ಯಗಳಿಗೆ ಈ ಆಟಗಳೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಸ್ಪಷ್ಟಪಡಿಸಿತು.

ಆಟಗಳನ್ನು ಸಮರ್ಥಿಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಆದರೆ ಅದೇ ನಿರ್ಣಯದಲ್ಲಿ ಇನ್ನೊಂದು ಮಾತಿದೆ: ಕೂಗಾಡುವುದು, ತಳ್ಳುವುದು ಮೊದಲಾದ ವರ್ತನೆಗಳೊಂದಿಗೆ ಈ ಆಟಗಳಿಗೆ ಸಣ್ಣದಾದರೂ ಮತ್ತೆ ಮತ್ತೆ ಕಂಡುಬರುವ ಸಂಬಂಧವಿದೆ. ಸಾವಿರಾರು ಮಕ್ಕಳ ಸರಾಸರಿ ತೆಗೆಯುವವರಿಗೆ ಅದು ಸಣ್ಣದು. ಎರಡು ಕೋಣೆಯ ಮನೆಯಲ್ಲಿ ಅಜ್ಜಿಯ ಮೇಲೆ ಕಿರುಚುವ, ತಂಗಿಯನ್ನು ನೂಕುವ ಹುಡುಗನ ತಾಯಿಗೆ ಅದು ಸಣ್ಣದಲ್ಲ. ಪೋಷಕರು ನನ್ನ ಬಳಿ ಹೇಳಿಕೊಳ್ಳುವ ದೂರುಗಳಲ್ಲಿ ಹೆಚ್ಚಿನವು ಈ ಬಗೆಯವೇ. ಕೊಲೆಯ ಸುದ್ದಿಯನ್ನೇ ಅಳತೆಗೋಲಾಗಿ ಹಿಡಿದರೆ ಈ ದಿನನಿತ್ಯದ ಒರಟುತನ ನಮ್ಮ ಗಮನಕ್ಕೇ ಬಾರದೆ ಹೋಗುತ್ತದೆ ಎಂಬುದು ನನ್ನ ದೊಡ್ಡ ಆತಂಕ.

ಈ ಸಿಟ್ಟು ಯಾವ ಗಳಿಗೆಯಲ್ಲಿ ಹೊರಬರುತ್ತದೆ ಎಂಬುದನ್ನು ಗಮನಿಸಬೇಕು. ಪಬ್ಜಿಯಂಥದೇ ಆಟವಾದ ಫ್ರೀ ಫೈರ್‌ನ ಮಾಮೂಲಿ ಪಂದ್ಯದಲ್ಲಿ ಒಂದು ದ್ವೀಪದ ಮೇಲೆ ಐವತ್ತು ಮಂದಿ ಇಳಿದು, ಕುಗ್ಗುತ್ತ ಬರುವ ವಲಯದೊಳಗೆ ಒಬ್ಬರನ್ನೊಬ್ಬರು ಹೊಡೆದುರುಳಿಸುತ್ತ, ಹತ್ತು ನಿಮಿಷದ ಸುಮಾರಿಗೆ ಒಬ್ಬರು ಅಥವಾ ಒಂದು ಸ್ಕ್ವಾಡ್ (ತಂಡ) ಮಾತ್ರ ಉಳಿಯುತ್ತದೆ. ಪಬ್ಜಿಯಲ್ಲಿ ನೂರು ಮಂದಿ, ಅರ್ಧ ಗಂಟೆಯವರೆಗೂ ಪಂದ್ಯ. ಈ ಆಟಗಳನ್ನು ನಡುವೆ ನಿಲ್ಲಿಸಿಟ್ಟು ಮತ್ತೆ ಮುಂದುವರಿಸಲು ಬರುವುದಿಲ್ಲ. ಕೊನೆಯ ವಲಯದಲ್ಲಿ ಜೊತೆಗಾರನಿಗೆ ಗುಂಡು ತಗುಲಿ, ಅವನು ಹೆಡ್‌ಫೋನಿನಲ್ಲಿ 'ರಿವೈವ್ ಮಾಡೋ', ಅಂದರೆ ನನ್ನನ್ನು ಮತ್ತೆ ಎಬ್ಬಿಸೋ, ಎಂದು ಕೂಗುತ್ತಿರುವಾಗ ತಾಯಿ ಬಂದು ಮೊಬೈಲ್ ಕಿತ್ತುಕೊಂಡರೆ, ಹುಡುಗ ಕಳೆದುಕೊಳ್ಳುವುದು ಪಂದ್ಯ, ರ್ಯಾಂಕ್ ಮತ್ತು ಗೆಳೆಯರ ನಡುವಿನ ಮರ್ಯಾದೆ, ಮೂರನ್ನೂ ಒಟ್ಟಿಗೆ. ಪರದೆಯ ಮೇಲಿನ ಬಂದೂಕಿನಷ್ಟೇ ಈ ರಚನೆಯೂ ಸಿಟ್ಟಿಗೆ ಕಾರಣವೆಂದು ನನಗೆ ಅನ್ನಿಸುತ್ತದೆ. ಇದಕ್ಕೆ ಅಪರಿಚಿತ ವಯಸ್ಕರ ಬೈಗುಳ ನೇರವಾಗಿ ಕಿವಿಗೆ ಬೀಳುವ ವಾಯ್ಸ್ ಚಾಟ್ ಸೇರಿದರೆ, ಹನ್ನೆರಡರ ಮಗುವಿಗೆ ಸೋಲಿನ ಭಾಷೆಯೇ ಬೈಗುಳವಾಗುತ್ತದೆ.

ನಿಷೇಧದಿಂದ ಇದೆಲ್ಲ ಮುಗಿಯುತ್ತದೆಂದು ನಂಬಿದ್ದವರು ಬಹಳ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿದ್ದು ದೇಶದ ಭದ್ರತೆ ಮತ್ತು ದತ್ತಾಂಶದ ಕಾರಣಕ್ಕೆ. ಮಕ್ಕಳ ಮನಸ್ಸಿನ ಪ್ರಶ್ನೆ ಆ ಆದೇಶದಲ್ಲಿರಲಿಲ್ಲ. ಆನ್‌ಲೈನ್ ತರಗತಿಗಳಿಗೆಂದು ಮನೆಮನೆಯಲ್ಲೂ ಮಕ್ಕಳ ಕೈಗೆ ಮೊಬೈಲ್ ಬಂದಿದ್ದ ಕಾಲವದು. ಹುಡುಗರು ತಡವಿಲ್ಲದೆ ಫ್ರೀ ಫೈರ್‌ಗೆ ಹೊರಳಿದರು. 2022ರ ಫೆಬ್ರವರಿಯಲ್ಲಿ ಅದೂ ನಿಷೇಧವಾದಾಗ ಅದರದೇ ಇನ್ನೊಂದು ರೂಪವಾದ ಫ್ರೀ ಫೈರ್ ಮ್ಯಾಕ್ಸ್ ಇತ್ತು. ಪಬ್ಜಿಯ ಭಾರತೀಯ ರೂಪವಾದ ಬಿಜಿಎಂಐ 2023ರಲ್ಲಿ ಮರಳಿದಾಗ 18ರೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ವಿಧಿಸಲಾಯಿತು. ಅಪ್ಪನ ಖಾತೆಯಲ್ಲಿ ಆಡುವ ಹುಡುಗನಿಗೆ ಆ ಮಿತಿಯಿಂದ ಏನಾದೀತು? ಅಲ್ಲದೆ, ಶಾಲೆಗೆ ಹೋಗುವ ಮಗುವಿಗೆ ದಿನಕ್ಕೆ ಮೂರು ಗಂಟೆಯೂ ಬಹಳವೇ.

ಪೋಷಕರಿಗೆ ನಾನು ಹೇಳುವುದು ಇಷ್ಟು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗುಂಡಿಕ್ಕುವ ಆಟ ಬೇಡವೇ ಬೇಡ. ಆ್ಯಪ್ ಅಂಗಡಿಯಲ್ಲಿ ಬರೆದಿರುವ ವಯಸ್ಸಿನ ಸೂಚನೆಯನ್ನು ಓದಿ ಪಾಲಿಸುವುದು ನಮ್ಮ ಕೆಲಸ, ಕಂಪನಿ ಅದನ್ನು ಮಾಡಲಾರದು. ದೊಡ್ಡ ಮಕ್ಕಳ ಪಕ್ಕದಲ್ಲಿ ಕುಳಿತು ಒಂದೆರಡು ಪಂದ್ಯಗಳನ್ನು ನೋಡಿ. ಆಗ ಸಮಯವನ್ನು ಗಡಿಯಾರದ ಬದಲು ಪಂದ್ಯದ ಲೆಕ್ಕದಲ್ಲಿ ಗೊತ್ತುಮಾಡಬಹುದು, ಈ ಪಂದ್ಯ ಮುಗಿದ ಮೇಲೆ ಊಟ ಎಂದರೆ ಒಪ್ಪುವ ಮಕ್ಕಳೇ ಹೆಚ್ಚು. ಅಪರಿಚಿತರ ವಾಯ್ಸ್ ಚಾಟ್ ಮುಚ್ಚಿಸಿ. ರಾತ್ರಿ ಮೊಬೈಲ್ ಮಗುವಿನ ಹಾಸಿಗೆಯಲ್ಲಿರಬಾರದು, ಈ ನಿಯಮ ಹಿರಿಯರಿಗೂ ಅನ್ವಯಿಸಿದರೆ ಮಾತ್ರ ನಿಲ್ಲುತ್ತದೆ.

ಇಷ್ಟರ ಮೇಲೂ ಮಗು ಶಾಲೆ, ನಿದ್ದೆ, ಗೆಳೆತನ ಎಲ್ಲವನ್ನೂ ಬಿಟ್ಟು ಹಾನಿ ತಿಳಿದೂ ತಿಂಗಳುಗಟ್ಟಲೆ ಆಡುತ್ತಲೇ ಇದ್ದರೆ ಅದನ್ನು ಹಟವೆಂದು ಬಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ಕಾಯಿಲೆಗಳ ವರ್ಗೀಕರಣದಲ್ಲಿ ಇಂಥ ಸ್ಥಿತಿಗೆ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ವ್ಯಸನಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ದೂರದ ಊರಿನವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.