ಮೇಷ್ಟ್ರು ಪರಿಚಯಿಸಿದ ಮೊಡೆನಾದ ಬಾಣಸಿಗ

2016ರ ಜೂನ್‌ನಲ್ಲಿ ಜಗತ್ತಿನ ಅತ್ಯುತ್ತಮ 50 ರೆಸ್ಟೋರೆಂಟ್‌ಗಳ ಪಟ್ಟಿ ಬಂತು. ಇಟಲಿಯ ಮೊಡೆನಾ ಊರಿನ ಒಸ್ಟೇರಿಯಾ ಫ್ರಾಂಚೆಸ್ಕಾನಾ ಮೊದಲ ಸ್ಥಾನದಲ್ಲಿತ್ತು. ನಮ್ಮ ಕಿಚನ್ ಮೇಷ್ಟ್ರಿಗೆ ಮನೆಯಲ್ಲೇ ಮದುವೆ ಗೊತ್ತಾದಷ್ಟು ಖುಷಿ. ಹೋಟೆಲ್ ಮ್ಯಾನೇಜ್‌ಮೆಂಟಿನ ಕೊನೆಯ ವರ್ಷದಲ್ಲಿದ್ದ ನಮ್ಮನ್ನೆಲ್ಲ ಕೂರಿಸಿಕೊಂಡು ಅದರ ಬಾಣಸಿಗ ಮಾಸ್ಸಿಮೊ ಬೊಟ್ಟುರಾ ಕತೆ ಶುರು ಮಾಡಿದರು.

ಬೊಟ್ಟುರಾ ಓದುತ್ತಿದ್ದದ್ದು ಕಾನೂನು. ಅದನ್ನು ಬಿಟ್ಟು 1986ರಲ್ಲಿ ಮೊಡೆನಾ ಹತ್ತಿರದ ಕಂಪಾಝೊದಲ್ಲಿ ಒಂದು ಸಣ್ಣ ಊಟದ ಮನೆ ಕೊಂಡರು. ಅಲ್ಲಿ ಅವರಿಗೆ ಹಿಟ್ಟು ಲಟ್ಟಿಸಲು ಕಲಿಸಿದವರು ಲಿಡಿಯಾ ಕ್ರಿಸ್ತೋನಿ ಎಂಬ ಹೆಂಗಸು. ಮನೆ ಅಡುಗೆಯಲ್ಲಿ ಪಳಗಿದ ಕೈ. ಆಮೇಲೆ ಫ್ರಾನ್ಸಿನ ಹೆಸರಾಂತ ಬಾಣಸಿಗ ಅಲೈನ್ ಡುಕಾಸ್ ಹತ್ತಿರ ಕೆಲಸ, 1995ರಲ್ಲಿ ತಮ್ಮದೇ ಫ್ರಾಂಚೆಸ್ಕಾನಾ ಶುರು, 2000ದಲ್ಲಿ ಸ್ಪೇನಿನ ಎಲ್ ಬುಲ್ಲಿ ರೆಸ್ಟೋರೆಂಟಿನಲ್ಲಿ ಕೆಲಸ. ಮೇಷ್ಟ್ರು ಇವನ್ನೆಲ್ಲ ಬೇಗ ಬೇಗ ಹೇಳಿ ಮುಗಿಸಿದರು. ಲಿಡಿಯಾ ಹೆಸರನ್ನು ಮಾತ್ರ ಬೋರ್ಡ್ ಮೇಲೆ ದೊಡ್ಡದಾಗಿ ಬರೆದರು. ಹಿಟ್ಟಿನ ಹದ ಗೊತ್ತಿಲ್ಲದವನು ಹಳೆಯ ಅಡುಗೆಯನ್ನು ಬದಲಿಸಲು ಹೊರಟರೆ ಬರೀ ಹಾಳು ಮಾಡ್ತಾನೆ ಎನ್ನುವುದು ಅವರ ಗಟ್ಟಿ ನಂಬಿಕೆ. ಅದು ಈಗ ನನ್ನದೂ ಹೌದು.

ತೊರ್ತೆಲ್ಲಿನಿ ಅಂದರೆ ಹೂರಣ ತುಂಬಿದ ಪುಟ್ಟ ಪಾಸ್ತಾ. ಮೊಡೆನಾದಲ್ಲಿ ಅದನ್ನು ತಟ್ಟೆ ತುಂಬ, ಬಿಸಿ ಸಾರಿನಲ್ಲಿ ಬಡಿಸುತ್ತಾರೆ. ಬೊಟ್ಟುರಾ ಆರೇ ಆರು ತೊರ್ತೆಲ್ಲಿನಿ ಸಾಲಾಗಿ ಇಟ್ಟು ಬಡಿಸಿದರು. ಊರವರಿಗೆ ಸಿಟ್ಟು ಬಾರದೆ ಇರುತ್ತಾ? ಒಂದೊಂದನ್ನೂ ಗಮನವಿಟ್ಟು ತಿನ್ನಲಿ ಎನ್ನುವುದಷ್ಟೇ ಅವರ ಆಸೆ.

ಆವತ್ತೇ ಮೇಷ್ಟ್ರು ಒಂದು ತುಂಡು ಪಾರ್ಮಿಜಾನೊ ಚೀಸ್ ಕೊಟ್ಟರು. ಹಲ್ಲಿಗೆ ಸಣ್ಣ ಬಿಳಿ ಹರಳು ಸಿಕ್ಕಿ ಕರುಂ ಅಂತು. ಉಪ್ಪು ಅಂದುಕೊಂಡೆವು. ಅಲ್ಲ, ಚೀಸ್ ಮಾಗಿದ ಹಾಗೆ ಪ್ರೋಟೀನ್ ಒಡೆದು ಆಗುವ ಹರಳು. ಆ ಮಾಗುವ ಕಾಲವನ್ನೇ ಬೊಟ್ಟುರಾ ಒಂದು ತಟ್ಟೆಯಲ್ಲಿ ತಂದರು. 24 ತಿಂಗಳು ಮಾಗಿದ ಚೀಸಿನದು ಸುಫ್ಲೆ ಎಂಬ ಉಬ್ಬಿದ ಮೆತ್ತನೆ ತಿನಿಸು, 30ರದ್ದು ಬಿಸಿ ಸಾಸ್, 36ರದ್ದು ತಣ್ಣಗಿನ ನೊರೆ, 40ರದ್ದು ಗರಿಗರಿ ಹಾಳೆ, 50ರದ್ದು ಗಾಳಿಯಂಥ ಬುರುಗು. ಮುಖ್ಯ ಸಾಮಗ್ರಿ ಒಂದೇ, ಚೀಸ್. ಆದರೆ ಬಾಯಿಗೆ ಐದು ಬೇರೆ ಬೇರೆ ಅನುಭವ.

2012ರ ಮೇ ತಿಂಗಳಲ್ಲಿ ಮೊಡೆನಾ ಇರುವ ಎಮಿಲಿಯಾ ಪ್ರಾಂತ್ಯ ಭೂಕಂಪದಿಂದ ನಡುಗಿತು. ಗೋದಾಮುಗಳಲ್ಲಿ ಮಾಗಲು ಇಟ್ಟಿದ್ದ ಚೀಸ್ ಚಕ್ರಗಳು ರಾಶಿ ರಾಶಿಯಾಗಿ ಉರುಳಿ ಬಿದ್ದವು. ಒಂದೊಂದೂ ಸುಮಾರು 40 ಕಿಲೋ! ಒಡೆದವನ್ನು ಬೇಗ ಮಾರದಿದ್ದರೆ ರೈತರು ಮುಳುಗುತ್ತಿದ್ದರು. ರೋಮಿನವರ ಕಾಚೊ ಎ ಪೇಪೆ ಪಾಸ್ತಾಗೆ ಪೆಕೊರೀನೊ ಚೀಸ್ ಮತ್ತು ಕರಿಮೆಣಸು ಬೇಕು. ಬೊಟ್ಟುರಾ ಪೆಕೊರೀನೊ ಬದಲು ಪಾರ್ಮಿಜಾನೊ, ಪಾಸ್ತಾ ಬದಲು ಅಕ್ಕಿ ಹಾಕಿ ರಿಸೊಟ್ಟೊ ಎಂಬ ಮೆತ್ತನೆಯ ಅನ್ನದ ಅಡುಗೆ ಮಾಡಿದರು. ಯಾರು ಬೇಕಾದರೂ ಮನೆಯಲ್ಲಿ ಮಾಡಲಿ, ಚೀಸ್ ಖರ್ಚಾಗಲಿ ಅಂತ ಪಾಕವಿಧಾನವನ್ನು ಎಲ್ಲರಿಗೂ ಕೊಟ್ಟರು. ಇದನ್ನು ಹೇಳುವಾಗ ಮೇಷ್ಟ್ರ ದನಿ ಕಟ್ಟಿತ್ತು.

2018ರಲ್ಲಿ ಫ್ರಾಂಚೆಸ್ಕಾನಾ ಮತ್ತೆ ಮೊದಲ ಸ್ಥಾನಕ್ಕೆ ಬಂತು. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಬೊಟ್ಟುರಾ 2015ರಲ್ಲಿ ಮಾಡಿದ ಕೆಲಸ. ಮಿಲಾನಿನಲ್ಲಿ ನಡೆದ ಎಕ್ಸ್‌ಪೋ ಎಂಬ ಜಾಗತಿಕ ಮೇಳದಲ್ಲಿ ಉಳಿದ ಆಹಾರವನ್ನು ಒಂದು ಹಳೆಯ ನಾಟಕಮಂದಿರಕ್ಕೆ ತರಿಸಿ, ದೊಡ್ಡ ದೊಡ್ಡ ಬಾಣಸಿಗರನ್ನು ಕರೆದು, ಮನೆಯಿಲ್ಲದವರಿಗೆ ಮೇಜಿನ ಮೇಲೆ ಮರ್ಯಾದೆಯಿಂದ ಬಡಿಸಿದರು. ಅಡುಗೆಮನೆಯಲ್ಲಿ ಈಗ ಕಲಿಯುತ್ತಿರುವ ತಮ್ಮಂದಿರು, ತಂಗಿಯರು ಎಮಿಲಿಯಾ-ರೊಮಾನ್ಯಾ ಕಡೆಯ, ಒತ್ತು ಶಾವಿಗೆಯಂಥ ಪಸ್ಸಾತೆಲ್ಲಿಯನ್ನು ಒಮ್ಮೆ ಮಾಡಿ ನೋಡಿ. ಒಣಗಿದ ಬ್ರೆಡ್ಡಿನ ಪುಡಿ, ಚೀಸ್, ಮೊಟ್ಟೆ ಕಲಸಿ, ಒತ್ತಿ, ಕುದಿಯುವ ಸಾರಿಗೆ ಬಿಟ್ಟರೆ ಆಯಿತು.